ಕಾಮಿಕ್ಸ್ ಒರಿಜಿನಲ್ ಪುಟ ಕೊಳ್ಳುವ ಮುಂಚೆ ಪಾತ್ರ ಅಲ್ಲ, ಹಾಳೆ ನೋಡಿ

ಮಸಿಬುಡ್ಡಿ:

ಕಾಮಿಕ್ಸ್ ಒರಿಜಿನಲ್ ಆರ್ಟ್, ಅಂದರೆ ಅಚ್ಚಿಗೆ ಹೋಗುವ ಮುಂಚೆ ಕಲಾವಿದರು ಕೈಯಲ್ಲಿ ಬರೆದ ಪುಟ, ಕೊಳ್ಳಬೇಕು ಅನ್ನುವವರು ಈಚೆಗೆ ಜಾಸ್ತಿ ಆಗಿದ್ದಾರೆ. ಸಂತೋಷ. ಆದರೆ ಬಹಳ ಜನ ಕೇಳುವ ಮೊದಲ ಪ್ರಶ್ನೆ ಒಂದೇ: ಯಾವ ಪಾತ್ರದ ಪುಟ ತಗೊಂಡರೆ ಮುಂದೆ ಬೆಲೆ ಏರುತ್ತದೆ? ನನ್ನ ಪ್ರಕಾರ ಅದು ಆಮೇಲಿನ ಮಾತು. ಈ ಹಾಳೆಯ ಮೇಲೆ ಯಾರ ಕೈ ಓಡಿದೆ, ಎಷ್ಟು ಓಡಿದೆ ಅನ್ನುವುದು ಮೊದಲು ಗೊತ್ತಾಗಬೇಕು. ಅದು ಗೊತ್ತಿಲ್ಲದೆ ದುಡ್ಡು ಕೊಡಬಾರದು.

ಪುಟ ಕೈಗೆ ಬಂದಾಗ ನಾನು ಚಿತ್ರ ಕೊನೆಗೆ ನೋಡುತ್ತೇನೆ. ಮೊದಲು ಅಳತೆ. ಸುಮಾರು 1967ರವರೆಗೆ ಅಮೆರಿಕದ ಕಾಮಿಕ್ಸ್ ಪುಟಗಳನ್ನು ದೊಡ್ಡದಾಗಿ ಬರೆಯುತ್ತಿದ್ದರು. ಚಿತ್ರದ ಜಾಗವೇ ಹೆಚ್ಚುಕಮ್ಮಿ 12 × 18 ಇಂಚು. ಆಮೇಲೆ ಅದು 10 × 15 ಇಂಚಿಗೆ ಇಳಿಯಿತು, ಹಾಳೆ 11 × 17 ಇಂಚು ಆಯಿತು. ಈಗಲೂ ಬಹುಪಾಲು ಇದೇ ಅಳತೆ. ಅಂದಮೇಲೆ ಯಾರಾದರೂ 1963ರ ಸೂಪರ್‌ಹೀರೋ ಪುಟ ಅಂತ 11 × 17ರ ಹಾಳೆ ತೋರಿಸಿದರೆ ಅಲ್ಲೇ ನಿಲ್ಲಬೇಕು. ಅದು ಆಮೇಲೆ ಮತ್ತೆ ಬರೆದದ್ದಿರಬೇಕು, ಇಲ್ಲ ನಕಲಿ ಇರಬೇಕು.

ಆಮೇಲೆ ಅಂಚು. ಸಂಚಿಕೆ ನಂಬರ್, ಪುಟದ ನಂಬರ್, ಸಂಪಾದಕರು ಗೀಚಿದ ತಿದ್ದುಪಡಿ, ಅಚ್ಚಿಗೆ ಎಷ್ಟು ಕುಗ್ಗಿಸಬೇಕು ಅನ್ನುವ ಗುರುತು ಎಲ್ಲ ಅಲ್ಲಿರುತ್ತದೆ. ಹಾಳೆ ತಿರುಗಿಸಿ ಹಿಂಬದಿಯನ್ನೂ ನೋಡಿ. 1954ರ ನಂತರದ ಹಳೇ ಪುಟಗಳಲ್ಲಿ ಕಾಮಿಕ್ಸ್ ಕೋಡ್‌ನವರ (ಅಚ್ಚಿಗೆ ಮುಂಚೆ ಪುಟ ಪರಿಶೀಲಿಸುತ್ತಿದ್ದ ಅಮೆರಿಕದ ಸಂಸ್ಥೆ) ಒಪ್ಪಿಗೆಯ ಮುದ್ರೆ ಎಷ್ಟೋ ಸಲ ಸಿಗುತ್ತದೆ. ಕೊನೆಗೆ ದೀಪವನ್ನು ಪಕ್ಕದಲ್ಲಿ ಇಟ್ಟು ಹಾಳೆಯನ್ನು ಓರೆ ಮಾಡಿ. ಪೆನ್ಸಿಲ್ ಒತ್ತಿದ ಕಡೆ ಸಣ್ಣ ತಗ್ಗು ಇರುತ್ತದೆ, ರಬ್ಬರ್ ಉಜ್ಜಿದ ಕಡೆ ಕಾಗದದ ಹೊಳಪು ಬೇರೆ ಆಗಿರುತ್ತದೆ, ಬಿಳಿ ಬಣ್ಣ ಹಚ್ಚಿ ತಿದ್ದಿದ ಕಡೆ ದಪ್ಪಗೆ ಉಬ್ಬಿರುತ್ತದೆ. ದೊಡ್ಡ ಕಪ್ಪು ಜಾಗ ಒಂದೇ ಸಮ ಇರುವುದಿಲ್ಲ, ಬ್ರಷ್ ಹೋದ ದಾರಿ ಕಾಣುತ್ತದೆ. ಕೆಲವು ಕಡೆ ಆ ಕಪ್ಪಿನ ಅಡಿಯಲ್ಲಿ ಪುಟ್ಟ 'ಎಕ್ಸ್' ಗುರುತು ಇಣುಕುತ್ತದೆ. ಈ ಜಾಗಕ್ಕೆ ಕಪ್ಪು ತುಂಬು ಅಂತ ಪೆನ್ಸಿಲ್ ಮಾಡಿದವರು (ಚಿತ್ರವನ್ನು ಮೊದಲು ಪೆನ್ಸಿಲ್‌ನಲ್ಲಿ ಬರೆದವರು) ಇಂಕ್ ಮಾಡುವವರಿಗೆ (ಆ ಗೆರೆಗಳ ಮೇಲೆ ಮಸಿ ಹಾಕುವವರಿಗೆ) ಬಿಟ್ಟ ಸೂಚನೆ ಅದು. ಅಚ್ಚಾದ ಪುಸ್ತಕದಲ್ಲಿ ಅದು ಯಾರಿಗೂ ಕಾಣುವುದಿಲ್ಲ. ನನಗೆ ಒರಿಜಿನಲ್ ಪುಟ ಇಷ್ಟ ಆಗುವುದೇ ಇಂಥದ್ದಕ್ಕೆ.

ದಪ್ಪಗೆರೆ:

ಮಸಿಬುಡ್ಡಿ ಅವರೇ, ಅಳತೆ, ಅಂಚು ಎಲ್ಲ ಒಪ್ಪುತ್ತೇನೆ. ಆದರೆ ಪಾತ್ರ ಆಮೇಲಿನದು ಅಂದರೆ ಹೇಗೆ? ಮಾರುಕಟ್ಟೆ ಪೂರ್ತಿ ನಿಂತಿರುವುದೇ ಅದರ ಮೇಲೆ ಅಲ್ವಾ. ಸ್ಪೈಡರ್‌ಮ್ಯಾನ್‌ನ ಕಪ್ಪು ಉಡುಪು ಎಲ್ಲಿಂದ ಬಂತು ಅಂತ ತೋರಿಸುವ ಒಂದೇ ಒಂದು ಒಳಪುಟ, 1984ರದ್ದು, ಮೈಕ್ ಜೆಕ್ ಬರೆದದ್ದು, 2022ರ ಜನವರಿಯಲ್ಲಿ ಅಮೆರಿಕದ ಹೆರಿಟೇಜ್ ಹರಾಜು ಸಂಸ್ಥೆಯಲ್ಲಿ 33 ಲಕ್ಷ 60 ಸಾವಿರ ಡಾಲರ್‌ಗೆ ಹೋಯಿತು. ಅದು ಕವರ್ ಕೂಡ ಅಲ್ಲ. 1974ರಲ್ಲಿ ಹರ್ಬ್ ಟ್ರಿಂಪ್ ಬರೆದ ಹಲ್ಕ್ 180ನೇ ಸಂಚಿಕೆಯ ಕೊನೆಯ ಪುಟ 2014ರಲ್ಲಿ 6,57,250 ಡಾಲರ್ ತಂದಿತು. ಯಾಕೆ? ವುಲ್ವರಿನ್ ಅನ್ನುವ ಪ್ರಸಿದ್ಧ ಪಾತ್ರ ಮೊದಲ ಸಲ ಕಾಣಿಸಿಕೊಳ್ಳುವುದು ಆ ಪುಟದಲ್ಲಿ. ಅದೇ ಸಂಚಿಕೆಯ ಬೇರೆ ಪುಟಗಳನ್ನೂ ಅದೇ ಕೈ ಬರೆದಿದೆ, ಅಷ್ಟೇ ಶ್ರದ್ಧೆಯಿಂದ ಬರೆದಿದೆ. ಆದರೂ ಅವಕ್ಕೆ ಈ ಬೆಲೆ ಯಾರು ಕೊಡುತ್ತಾರೆ? ಸುಮ್ನೆ ಕೈ, ಗೆರೆ ಅಂತ ಹೇಳಿ ಹೊಸಬರಿಗೆ ಅರ್ಧ ಚಿತ್ರ ಕೊಡಬಾರದು.

ಮಸಿಬುಡ್ಡಿ:

ದಪ್ಪಗೆರೆ ಅವರೇ, ನೀವು ಕೊಟ್ಟ ಉದಾಹರಣೆಗಳೇ ನನ್ನ ಮಾತಿಗೆ ಆಧಾರ. ಆ ಎರಡೂ ಪುಟಗಳಿಗೆ ಆ ಬೆಲೆ ಬಂದದ್ದು ಅವು ಅಚ್ಚಿಗೆ ಹೋದ ಅದೇ ಹಾಳೆ ಅನ್ನುವುದರಲ್ಲಿ ಯಾರಿಗೂ ಅನುಮಾನ ಇರಲಿಲ್ಲ ಅನ್ನುವ ಕಾರಣಕ್ಕೆ. ಅದೇ ಕಲಾವಿದರು ಅದೇ ದೃಶ್ಯವನ್ನು ಇಪ್ಪತ್ತು ವರ್ಷದ ನಂತರ ಅಭಿಮಾನಿಗೆ ಮತ್ತೆ ಬರೆದುಕೊಟ್ಟಿದ್ದರೆ ಪಾತ್ರ ಅದೇ, ಕೈ ಅದೇ, ಬೆಲೆ ಮಾತ್ರ ಹತ್ತಿರಕ್ಕೂ ಬರುತ್ತಿರಲಿಲ್ಲ. ಹಾಳೆ ಅಂದರೆ ನಾನು ಹೇಳುತ್ತಿರುವುದು ಅದನ್ನೇ.

ಇನ್ನು ಲಕ್ಷಗಟ್ಟಲೆ ಡಾಲರ್‌ನ ಪುಟಗಳನ್ನು ನೋಡಿ ಯಾರೂ ಲೆಕ್ಕ ಹಾಕಬಾರದು. ಅವು ಇಡೀ ಸಂಗ್ರಹ ಲೋಕದ ತುತ್ತತುದಿ. ಸಾಮಾನ್ಯ ಒಳಪುಟಗಳು ವರ್ಷಗಟ್ಟಲೆ ಕೈ ಬದಲಾಗದೆ ಕೂರುತ್ತವೆ. ನಮಗೆ ಬೇಕಾದಾಗ ಕೊಳ್ಳುವವರು ಸಿಗುತ್ತಾರೆ ಅನ್ನುವ ಭರವಸೆ ಇಲ್ಲ. ಬೆಲೆ ಇಳಿದರೂ ನೋಡುತ್ತಾ ಕೂರಬಲ್ಲೆ ಅನ್ನುವಂಥ ಪುಟವನ್ನೇ ತಗೊಳ್ಳಿ.

ಖಾಲಿಚೌಕ:

ನಾನು ಹೊಸಬ. ದುಡ್ಡು ಸ್ವಲ್ಪವೇ ಇದೆ, ಕವರ್ ಎಲ್ಲ ಆಗದ ಮಾತು. ಎರಡು ಅನುಮಾನ. ಒಂದು, ಈಚಿನ ಪುಟಗಳಲ್ಲಿ ಮಾತಿನ ಬಲೂನ್‌ಗಳೇ ಇರುವುದಿಲ್ಲ, ಬರೀ ಚಿತ್ರ. ಅದು ಅರೆಬರೆ ಪುಟವಾ? ಎರಡು, ಒಂದೇ ಪುಟ ಇಬ್ಬರ ಹತ್ತಿರ ಮಾರಾಟಕ್ಕಿದೆ, ಒಬ್ಬರದು ಬರೀ ಪೆನ್ಸಿಲ್, ಇನ್ನೊಬ್ಬರದು ಇಂಕ್. ಯಾವುದು ಅಸಲಿ?

ಬ್ರಷ್‌ಜೀವಿ:

ಖಾಲಿಚೌಕ ಅವರೇ, ಇಂಕ್ ಮಾಡುವವರ ಕೆಲಸದ ಮೇಲೆ ನನಗೆ ವಿಶೇಷ ಪ್ರೀತಿ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಬಲೂನ್ ಇಲ್ಲದಿದ್ದರೆ ಅದು ಅರೆಬರೆ ಅಲ್ಲ. ಮೊದಲು ಅಕ್ಷರಗಳನ್ನೂ ಹಾಳೆಯ ಮೇಲೇ ಕೈಯಲ್ಲಿ ಬರೆಯುತ್ತಿದ್ದರು. 1990ರ ದಶಕದಲ್ಲಿ ಅಕ್ಷರ ಜೋಡಿಸುವ ಕೆಲಸ ಕಂಪ್ಯೂಟರ್‌ಗೆ ಹೋಯಿತು, ಹಾಳೆಯಲ್ಲಿ ಚಿತ್ರ ಮಾತ್ರ ಉಳಿಯಿತು. ಕೆಲವರಿಗೆ ಬಲೂನ್ ಇಲ್ಲದ ಪುಟವೇ ಇಷ್ಟ, ಚಿತ್ರಕ್ಕೆ ಅಡ್ಡ ಇರುವುದಿಲ್ಲ ಅಂತ. ನನಗೆ ಕೈಬರಹ ಇರುವ ಪುಟ ಇಷ್ಟ. ಹಾಳೆಯನ್ನು ಗೋಡೆಗೆ ಹಾಕಿದಾಗ ನಿಂತು ಕಥೆ ಓದಬಹುದು, ಅಕ್ಷರ ಬರೆದವರ ಕೈ ಕೂಡ ಒಂದು ಕೈ ತಾನೇ.

ಎರಡನೇ ಪ್ರಶ್ನೆಗೆ ಉತ್ತರ: ಎರಡೂ ಅಸಲಿ. ಮೊದಲಿನ ಪದ್ಧತಿಯಲ್ಲಿ ಪೆನ್ಸಿಲ್ ಮಾಡಿದ ಹಾಳೆಯ ಮೇಲೇ ಇನ್ನೊಬ್ಬರು ಇಂಕ್ ಮಾಡುತ್ತಿದ್ದರು. ಹಾಳೆ ಒಂದೇ. ಪುಟಗಳು ಪ್ರಕಾಶಕರಿಂದ ವಾಪಸ್ ಬಂದಾಗ ಸಾಮಾನ್ಯವಾಗಿ ಮೂರರಲ್ಲಿ ಎರಡು ಪಾಲು ಪೆನ್ಸಿಲ್‌ನವರಿಗೆ, ಒಂದು ಪಾಲು ಇಂಕ್‌ನವರಿಗೆ ಅಂತ ಹಂಚಿಕೊಳ್ಳುತ್ತಿದ್ದರು. ಸ್ಕ್ಯಾನರ್ ಬಂದಮೇಲೆ ಪೆನ್ಸಿಲ್ ಮಾಡಿದವರು ತಮ್ಮ ಹಾಳೆಯನ್ನು ಇಟ್ಟುಕೊಂಡು ಫೈಲ್ ಮಾತ್ರ ಕಳಿಸುತ್ತಾರೆ. ಇಂಕ್ ಮಾಡುವವರು ಅದನ್ನು ತಿಳಿ ನೀಲಿ ಬಣ್ಣದಲ್ಲಿ ಹೊಸ ಹಾಳೆಯ ಮೇಲೆ ಪ್ರಿಂಟ್ ತೆಗೆದು ಅದರ ಮೇಲೆ ಮಸಿ ಹಾಕುತ್ತಾರೆ. ಇದನ್ನು ಬ್ಲೂಲೈನ್ ಅನ್ನುತ್ತಾರೆ. ಆಗ ಒಂದು ಪುಟಕ್ಕೆ ಎರಡು ಹಾಳೆ.

ಮಾರುವವರು ಬ್ಲೂಲೈನ್ ಅಂತ ಬಾಯಿ ಬಿಟ್ಟು ಹೇಳಬೇಕು, ಅದು ನನ್ನ ಹಟ. ಪೆನ್ಸಿಲ್ ಕಲಾವಿದರ ಹೆಸರನ್ನು ದೊಡ್ಡದಾಗಿ ಹಾಕಿ, ಅವರ ಕೈ ಮುಟ್ಟಿಯೇ ಇಲ್ಲದ ಹಾಳೆಯನ್ನು ಮಾರುವುದು ಸರಿಯಲ್ಲ. ಆದರೆ ಬ್ಲೂಲೈನ್ ಅಂದ ತಕ್ಷಣ ಮೂಗು ಮುರಿಯುವವರ ಜೊತೆಗೂ ನಾನಿಲ್ಲ. ಅಚ್ಚಾದ ಪುಸ್ತಕದಲ್ಲಿ ನೀವು ನೋಡುವ ಪ್ರತಿ ಗೆರೆಯೂ ಆ ಇಂಕ್ ಹಾಳೆಯ ಗೆರೆಯೇ. ದುಡ್ಡು ಕಮ್ಮಿ ಇರುವವರಿಗೆ ಒಳ್ಳೆಯ ಕಲಾವಿದರ ಪುಟ ಕೈಗೆಟುಕುವ ದಾರಿ ಕೂಡ ಇದೇ.

ಈಗ ಇನ್ನೂ ಒಂದು ಬಗೆ ಬಂದಿದೆ. ಟ್ಯಾಬ್ಲೆಟ್ ಮೇಲೆ ಕರಡು ಬರೆದು, ಪ್ರಿಂಟ್ ತೆಗೆದು, ಮಸಿ ಮಾತ್ರ ಕೈಯಲ್ಲಿ ಹಾಕುವುದು. ಪೂರ್ತಿ ಟ್ಯಾಬ್ಲೆಟ್ ಮೇಲೆ ಬರೆದರೆ ಹಾಳೆಯೇ ಇಲ್ಲ. ಸಹಿ ಹಾಕಿದ ಒಂದೇ ಒಂದು ಪ್ರಿಂಟ್ ಅಂತ ಮಾರುತ್ತಾರೆ, ಇಷ್ಟ ಇದ್ದರೆ ತಗೊಳ್ಳಿ, ಆದರೆ ಒರಿಜಿನಲ್ ಆರ್ಟ್‌ನ ಬೆಲೆ ಕೊಡಬೇಡಿ.

ಹಳೇಕಟ್ಟು:

ಎಲ್ಲರೂ ಹಾಳೆ ಹಾಳೆ ಅನ್ನುತ್ತಿದ್ದೀರಿ, ಆ ಹಾಳೆ ಯಾರದ್ದು ಅಂತ ಯಾರೂ ಕೇಳಲಿಲ್ಲ. ಈ ವಿಷಯ ಬಂದರೆ ನನಗೆ ಸುಮ್ಮನಿರಲು ಆಗುವುದಿಲ್ಲ.

ಹಳೇ ಕಾಲದಲ್ಲಿ ಅಚ್ಚಾದ ಮೇಲೆ ಪುಟಗಳನ್ನು ಕಲಾವಿದರಿಗೆ ಕೊಡುತ್ತಲೇ ಇರಲಿಲ್ಲ. ಎಷ್ಟೋ ಪುಟಗಳನ್ನು ಹರಿದು ಎಸೆದರು, ಎಷ್ಟೋ ಗೋದಾಮಿನಲ್ಲಿ ಕೂತವು, ಅಲ್ಲಿಂದ ಎಷ್ಟೋ ಹೇಗೋ ಹೊರಗೆ ಹೋದವು. ಇಸಿ ಕಾಮಿಕ್ಸ್‌ನ ಪ್ರಕಾಶಕ ವಿಲಿಯಂ ಗೇನ್ಸ್ ತಮ್ಮ ಪುಟಗಳನ್ನೆಲ್ಲ ಜೋಪಾನವಾಗಿ ಇಟ್ಟರು, ಅದಕ್ಕೇ ಅವು ಇವತ್ತೂ ಇವೆ. ಅಂಥವರು ಅಪರೂಪ. ನೀಲ್ ಆಡಮ್ಸ್ ಮೊದಲಾದ ಕಲಾವಿದರು ಗಟ್ಟಿಯಾಗಿ ಕೇಳಿದ ಮೇಲೆ 1970ರ ದಶಕದಲ್ಲಿ ಡಿಸಿ, ಮಾರ್ವೆಲ್ ಎರಡೂ ದೊಡ್ಡ ಪ್ರಕಾಶನ ಸಂಸ್ಥೆಗಳು ಹೊಸ ಪುಟಗಳನ್ನು ಹಿಂದಿರುಗಿಸಲು ಶುರು ಮಾಡಿದವು. ಹಳೆಯವುಗಳ ಕಥೆ ಮಾತ್ರ ಹಾಗೇ ಉಳಿಯಿತು.

ಜ್ಯಾಕ್ ಕರ್ಬಿ ಅವರ ವಿಷಯವನ್ನೇ ನೋಡಿ. ಮಾರ್ವೆಲ್‌ಗೆ 10 ಸಾವಿರಕ್ಕೂ ಜಾಸ್ತಿ ಪುಟ ಬರೆದವರು. 1980ರ ದಶಕದಲ್ಲಿ ತಮ್ಮ ಪುಟ ಕೇಳಿದಾಗ ಬೇರೆ ಕಲಾವಿದರಿಗೆ ಒಂದು ಪುಟದ ಒಪ್ಪಿಗೆ ಪತ್ರ, ಇವರಿಗೆ ಮಾತ್ರ ನಾಲ್ಕು ಪುಟದ್ದು, ಷರತ್ತಿನ ಮೇಲೆ ಷರತ್ತು. ಸಹ ಕಲಾವಿದರು, ಓದುಗರು ಎಲ್ಲ ಅವರ ಬೆನ್ನಿಗೆ ನಿಂತರು. ಕೊನೆಗೆ 1987ರಲ್ಲಿ ಅವರ ಕೈಗೆ ಬಂದದ್ದು ಸುಮಾರು 2 ಸಾವಿರ ಪುಟ. ಉಳಿದವು ಎಲ್ಲಿ ಹೋದವು? ಅವುಗಳಲ್ಲಿ ಕೆಲವು ಇವತ್ತು ದೊಡ್ಡ ಬೆಲೆಗೆ ಕೈಯಿಂದ ಕೈಗೆ ಓಡಾಡುತ್ತಿವೆ. ಹಾಗಾಗಿ 1960ರ ದಶಕದ ಪುಟಗಳನ್ನು, ಕಲಾವಿದರಿಗೆ ವಾಪಸ್ ಬಂದದ್ದು ಅಂತ ಖಚಿತ ಆಗದಿದ್ದರೆ, ನಾನು ಮುಟ್ಟುವುದಿಲ್ಲ. ಬರೆದವರಿಗೇ ದಕ್ಕದ ಪುಟ ನನ್ನ ಗೋಡೆಯ ಮೇಲೆ ಬೇಡ.

ದಪ್ಪಗೆರೆ:

ಹಳೇಕಟ್ಟು ಅವರೇ, ನಿಮ್ಮ ನಿಲುವಿಗೆ ಗೌರವ ಇದೆ. ಆದರೆ ಎಲ್ಲರೂ ಮುಟ್ಟುವುದಿಲ್ಲ ಅಂದರೆ ಆ ಪುಟಗಳು ಬೆಳಕಿಗೇ ಬರುವುದಿಲ್ಲ, ಕತ್ತಲಲ್ಲೇ ವ್ಯಾಪಾರ ಆಗುತ್ತದೆ. ಹಳೇ ಪುಟಗಳನ್ನು ಕಚೇರಿಯಲ್ಲಿ ಅಭಿಮಾನಿಗಳಿಗೆ, ಭೇಟಿಗೆ ಬಂದವರಿಗೆ ಸುಮ್ನೆ ಕೊಟ್ಟದ್ದೂ ಉಂಟು. ಐವತ್ತು ಅರವತ್ತು ವರ್ಷದ ನಂತರ ಯಾವುದು ಕೊಟ್ಟದ್ದು, ಯಾವುದು ಕದ್ದದ್ದು ಅಂತ ಹಾಳೆ ನೋಡಿ ಹೇಳುವುದು ಹೇಗೆ? ಅದನ್ನು ಪ್ರಾಮಾಣಿಕವಾಗಿ ಕೊಂಡು, ಚೆನ್ನಾಗಿ ಇಟ್ಟು, ಸ್ಕ್ಯಾನ್ ಮಾಡಿ ಜನರಿಗೆ ತೋರಿಸುವವನು ಕಳ್ಳನಲ್ಲ.

ಹಳೇಕಟ್ಟು:

ಕಳ್ಳ ಅನ್ನಲಿಲ್ಲ. ಕೇಳಿ ಅಂತ ಹೇಳಿದೆ. ಯಾರಿಂದ ಬಂತು, ಅವರಿಗೆ ಯಾರಿಂದ ಬಂತು ಅಂತ ಕೇಳುವುದಕ್ಕೆ ಖರ್ಚೇನೂ ಇಲ್ಲ. ಉತ್ತರ ಕೊಡಲು ಇಷ್ಟ ಇಲ್ಲದವರಿಂದ ಕೊಳ್ಳುವ ಅಗತ್ಯವೂ ಇಲ್ಲ.

ಬೆಳಕಿಗೆ ಬರುವ ಬೇರೆ ದಾರಿಯೂ ಇದೆ. ಸ್ಪೈಡರ್‌ಮ್ಯಾನ್ ಮೊದಲು ಬಂದ 1962ರ ಸಂಚಿಕೆಗೆ ಸ್ಟೀವ್ ಡಿಟ್ಕೊ ಬರೆದ 24 ಒರಿಜಿನಲ್ ಪುಟಗಳನ್ನು 2008ರಲ್ಲಿ ಯಾರೋ ಹೆಸರು ಹೇಳದೆ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ಗೆ ಕೊಟ್ಟರು. ಹರಾಜಿಗೆ ಹಾಕಿದ್ದರೆ ಎಷ್ಟು ಬರುತ್ತಿತ್ತು ಅಂತ ಊಹಿಸಿ. ಈಗ ಅದು ಯಾರೊಬ್ಬರದ್ದೂ ಅಲ್ಲ, ಎಲ್ಲರದ್ದು. ಆ ದಾನಿಯ ಬಗ್ಗೆ ನನಗೆ ತುಂಬಾ ಗೌರವ.

ಅಂಟುಪಟ್ಟಿ:

ಮಾರುವವರ ಕಡೆಯಿಂದ ನಾಲ್ಕು ಮಾತು ಸೇರಿಸುತ್ತೇನೆ, ಇಲ್ಲಿ ಎಲ್ಲರೂ ಕೊಳ್ಳುವವರ ಬಗ್ಗೆಯೇ ಬರೆಯುತ್ತಿದ್ದಾರೆ.

ಹರಾಜಿಗೆ ಹಾಕಿದರೆ ಪತ್ರಿಕೆಯಲ್ಲಿ ಬರುವ ಬೆಲೆ ಮಾರುವವರಿಗೆ ಸಿಗುವ ಬೆಲೆ ಅಲ್ಲ. ಕೂಗಿದ ಬೆಲೆಯ ಮೇಲೆ ಕೊಳ್ಳುವವರು ಸಾಮಾನ್ಯವಾಗಿ 20 ಶೇಕಡ ಅಥವಾ ಅದಕ್ಕಿಂತ ಜಾಸ್ತಿ ಬಯರ್ಸ್ ಪ್ರೀಮಿಯಂ (ಹರಾಜು ಸಂಸ್ಥೆಯ ಶುಲ್ಕ) ಕಟ್ಟುತ್ತಾರೆ, ಪ್ರಕಟ ಆಗುವುದು ಅದನ್ನೂ ಸೇರಿಸಿದ ಮೊತ್ತ. ಯುರೋಪಿಯನ್ ಒಕ್ಕೂಟದಲ್ಲಿ ಮಾರಿದರೆ ಇನ್ನೊಂದು ನಿಯಮ ಇದೆ. ಡೀಲರ್ ಅಥವಾ ಹರಾಜು ಸಂಸ್ಥೆ ಮೂಲಕ ಮರುಮಾರಾಟ ಆದಾಗ ಕಲಾವಿದರಿಗೆ, ಅವರು ತೀರಿಕೊಂಡ 70 ವರ್ಷದವರೆಗೆ ಅವರ ವಾರಸುದಾರರಿಗೆ, ಒಂದು ಪಾಲು ಹೋಗಬೇಕು. ಮೊದಲ 50 ಸಾವಿರ ಯೂರೋವರೆಗೆ ಸಾಮಾನ್ಯವಾಗಿ 4 ಶೇಕಡ, ಆಮೇಲೆ ಇಳಿಯುತ್ತಾ ಹೋಗುತ್ತದೆ, ಒಟ್ಟು 12,500 ಯೂರೋ ಮೀರುವಂತಿಲ್ಲ. ಅಮೆರಿಕದಲ್ಲಿ ಇಂಥ ನಿಯಮ ಇಲ್ಲ. ನನ್ನ ಪ್ರಕಾರ ಇದು ಒಳ್ಳೆಯ ನಿಯಮ, ಬರೆದವರು ಬಡವರಾಗಿಯೇ ಉಳಿದು ಹಾಳೆ ಮಾತ್ರ ಶ್ರೀಮಂತ ಆಗುವುದು ನ್ಯಾಯ ಅಲ್ಲ.

ಇನ್ನು ಮಾರಾಟದ ವಿವರ ಬರೆಯುವಾಗ ದೋಷಗಳನ್ನು ಮೊದಲು ಬರೆಯಿರಿ. ಹಳೇ ಕವರ್‌ಗಳಲ್ಲಿ ಪತ್ರಿಕೆಯ ಹೆಸರು, ಬೆಲೆ ಪೆಟ್ಟಿಗೆ ಎಲ್ಲ ಬೇರೆ ಕಡೆ ಫೋಟೋ ಪ್ರತಿ ತೆಗೆದು ರಬ್ಬರ್ ಸಿಮೆಂಟ್ ಅನ್ನುವ ಅಂಟು ಹಾಕಿ ಅಂಟಿಸಿದ ತುಂಡುಗಳು. ಅವು ಹಳದಿ ಆಗುತ್ತವೆ, ಉದುರುತ್ತವೆ, ಅಂಟಿನ ಕಲೆ ಹಾಳೆಗೆ ಇಳಿಯುತ್ತದೆ. ಉದುರಿದ ಹೆಸರಿನ ಜಾಗಕ್ಕೆ ಹೊಸದು ಮಾಡಿಸಿ ಹಾಕಿದ್ದರೆ ಹೊಸದು ಅಂತ ಹೇಳಿ. ಒಂದು ಮುಖವನ್ನು ಬೇರೆಯವರು ಮತ್ತೆ ಬರೆದು ಮೇಲೆ ಅಂಟಿಸಿದ್ದರೆ ಅದನ್ನೂ ಹೇಳಿ. ದೋಷ ಇದ್ದರೆ ಬೆಲೆ ಬರುವುದಿಲ್ಲ ಅನ್ನುವ ಹೆದರಿಕೆ ಬೇಡ. ಟಿನ್‌ಟಿನ್ ಮಾಲೆಯ ಬ್ಲೂ ಲೋಟಸ್ ಪುಸ್ತಕಕ್ಕೆ ಟಿನ್‌ಟಿನ್ ಸೃಷ್ಟಿಸಿದ ಎರ್ಜೆ 1936ರಲ್ಲಿ ಬರೆದ, ಅಚ್ಚು ಮಾಡುವುದು ದುಬಾರಿ ಅಂತ ಬಿಟ್ಟುಬಿಟ್ಟ ಕವರ್ ಚಿತ್ರದ ಮೇಲೆ ಮಡಿಚಿದ ಗೆರೆಗಳು ಎದ್ದು ಕಾಣುತ್ತವೆ. 2021ರಲ್ಲಿ ಪ್ಯಾರಿಸ್‌ನಲ್ಲಿ ಅದು ಸುಮಾರು 32 ಲಕ್ಷ ಯೂರೋಗೆ ಹೋಯಿತು.

ಕಳಿಸುವಾಗ ಹಾಳೆಯನ್ನು ಸುರುಳಿ ಸುತ್ತಬೇಡಿ, ದಪ್ಪ ಬೋರ್ಡ್ ಅದು, ಸೀಳುತ್ತದೆ. ಮೊದಲು ನೀರು ಹೋಗದ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ. ಆಮೇಲೆ ಎರಡು ಗಟ್ಟಿ ರಟ್ಟಿನ ನಡುವೆ ಇಡಿ. ಒಂದು ರಟ್ಟಿನ ಒಳಗಿನ ಅಲೆಗೆರೆಗಳು ಉದ್ದಕ್ಕೆ, ಇನ್ನೊಂದರದು ಅಡ್ಡಕ್ಕೆ ಬರುವ ಹಾಗೆ ಇಟ್ಟರೆ ಬಾಗುವುದಿಲ್ಲ. ದೇಶ ದಾಟುವುದಾದರೆ ಕಸ್ಟಮ್ಸ್ ಕಾಗದದಲ್ಲಿ ಸುಮ್ನೆ ಕಾಮಿಕ್ಸ್ ಅಂತ ಬರೆಯಬೇಡಿ. ಕೈಯಲ್ಲಿ ಬರೆದ ಒರಿಜಿನಲ್ ಚಿತ್ರ ಅಂತ ಬರೆಯಿರಿ. ಕಸ್ಟಮ್ಸ್ ಪಟ್ಟಿಯಲ್ಲಿ ಅದಕ್ಕೆ 9701 ಅನ್ನುವ ಬೇರೆ ನಂಬರೇ ಇದೆ, ಸುಂಕವೂ ಬೇರೆ ಇರುತ್ತದೆ.

ಖಾಲಿಚೌಕ:

ಎಲ್ಲರಿಗೂ ಧನ್ಯವಾದ. ನಕಲಿ ಪುಟದ ಬಗ್ಗೆ ಇನ್ನೂ ಸ್ವಲ್ಪ ಹೇಳಿ. ಇಂಟರ್‌ನೆಟ್‌ನಲ್ಲಿ ಫೋಟೋ ಮಾತ್ರ ನೋಡಿ ಕೊಳ್ಳುವವರು ಏನು ಮಾಡಬೇಕು? ಓರೆ ಮಾಡಿ ನೋಡಲು ಆಗುವುದಿಲ್ಲವಲ್ಲ. ಮತ್ತೆ ಪುಟ ಕೊಂಡಮೇಲೆ ಅದನ್ನು ಪೋಸ್ಟರ್ ಮಾಡಿ ಮಾರಬಹುದಾ?

ಬ್ರಷ್‌ಜೀವಿ:

ಪೋಸ್ಟರ್ ಮಾಡಿ ಮಾರುವಂತಿಲ್ಲ. ಹಾಳೆ ನಿಮ್ಮದು, ಹಕ್ಕುಸ್ವಾಮ್ಯ ನಿಮ್ಮದಲ್ಲ. ಗೋಡೆಗೆ ಹಾಕಿ, ಮಾರಿ, ದಾನ ಕೊಡಿ. ಅಚ್ಚು ಹಾಕುವ ಹಕ್ಕು ಪ್ರಕಾಶಕರ ಹತ್ತಿರವೋ ಕಲಾವಿದರ ಹತ್ತಿರವೋ ಇರುತ್ತದೆ.

ನಕಲಿಗಳಲ್ಲಿ ಜಾಸ್ತಿ ಕಾಣುವುದು ಅಚ್ಚಾದ ಪುಟವನ್ನು ಲೈಟ್‌ಬಾಕ್ಸ್ (ಅಡಿಯಿಂದ ಬೆಳಕು ಬರುವ ಪೆಟ್ಟಿಗೆ) ಮೇಲೆ ಇಟ್ಟು, ಮೇಲಿನ ಹಾಳೆಯಲ್ಲಿ ಅದೇ ಗೆರೆಗಳನ್ನು ಎಳೆದದ್ದು. ಅಂಥ ಗೆರೆಗೆ ಧೈರ್ಯ ಇರುವುದಿಲ್ಲ. ನಿಜವಾದ ಬ್ರಷ್ ಗೆರೆ ತೆಳ್ಳಗೆ ಶುರುವಾಗಿ ಉಬ್ಬಿ ಮತ್ತೆ ತೆಳ್ಳಗಾಗುತ್ತದೆ, ಒಂದೇ ಉಸಿರಿನಲ್ಲಿ ಹಾಡಿದ ಹಾಗೆ. ಹಾಗೆ ನಕಲು ಮಾಡಿದ ಗೆರೆ ನಡುವೆ ನಡುವೆ ನಿಂತು ಹೊರಟಿರುತ್ತದೆ, ದಪ್ಪ ಒಂದೇ ಸಮ ಇರುತ್ತದೆ. ಅಚ್ಚಾದ ಪುಟವನ್ನು ಪಕ್ಕದಲ್ಲಿ ಇಟ್ಟು ಹೋಲಿಸಿ. ಕೂದಲು, ಬಟ್ಟೆಯ ಮಡಿಕೆ, ಮಳೆ, ಹುಲ್ಲು ನೋಡಿ. ಇಂಥ ಕಡೆ ಅದೇ ಕೈ ಕೂಡ ಎರಡನೇ ಸಲ ಪ್ರತಿ ಗೆರೆಯನ್ನೂ ಹಾಗೇ ಬರೆಯಲಾರದು. ಹಾಗಂತ ಎಲ್ಲ ಗೆರೆ ತಾಳೆ ಆದರೂ ಗೆದ್ದೆ ಅಂದುಕೊಳ್ಳಬೇಡಿ, ಒಳ್ಳೆಯ ಪ್ರಿಂಟ್ ಕೂಡ ಹಾಗೇ ತಾಳೆ ಆಗುತ್ತದೆ. ಅದಕ್ಕೇ ಎರಡನ್ನೂ ನೋಡಬೇಕು, ಗೆರೆ ತಾಳೆ ಆಗಬೇಕು, ಹಾಳೆಯ ಮೇಲೆ ಕೈ ಕೆಲಸದ ಗುರುತೂ ಇರಬೇಕು.

ಅಂಟುಪಟ್ಟಿ:

ಫೋಟೋ ವಿಷಯ ನಾನು ಹೇಳುತ್ತೇನೆ. ಮಾರುವವರ ಹತ್ತಿರ ಇವನ್ನು ಕೇಳಿ. ಪೂರ್ತಿ ಹಾಳೆಯ ಫೋಟೋ, ಅಂಚು ಸಮೇತ. ಹಿಂಬದಿಯದ್ದು ಒಂದು. ಪಕ್ಕದಿಂದ ಬೆಳಕು ಬಿಟ್ಟು ಹತ್ತಿರದಿಂದ ತೆಗೆದದ್ದು ಎರಡು ಮೂರು. ನಿಮ್ಮ ಹೆಸರು, ಅವತ್ತಿನ ದಿನಾಂಕ ಬರೆದ ಚೀಟಿಯನ್ನು ಹಾಳೆಯ ಪಕ್ಕ ಇಟ್ಟು ತೆಗೆದದ್ದು ಒಂದು. ಬೇರೆಯವರ ಸಂಗ್ರಹದ ಫೋಟೋ ಕದ್ದು ಮಾರಾಟಕ್ಕೆ ಹಾಕುವವರಿದ್ದಾರೆ, ಚೀಟಿ ಕೇಳಿದರೆ ಅವರು ಮಾಯ ಆಗುತ್ತಾರೆ. ಕಾಮಿಕ್ ಆರ್ಟ್ ಫ್ಯಾನ್ಸ್ ತಾಣದಲ್ಲಿ ಸಾವಿರಾರು ಜನ ತಮ್ಮ ಪುಟಗಳನ್ನು ಹಾಕಿದ್ದಾರೆ. ನೀವು ಕೊಳ್ಳಬೇಕೆಂದಿರುವ ಪುಟ ಅಲ್ಲಿ ಬೇರೆಯವರ ಹೆಸರಲ್ಲಿ ಇದೆಯಾ ಅಂತ ಹುಡುಕಿ, ಇದ್ದರೆ ಅವರಿಗೇ ಒಂದು ಸಂದೇಶ ಹಾಕಿ. ದುಡ್ಡು ಕಳಿಸುವಾಗ ಖರೀದಿಗೆ ರಕ್ಷಣೆ ಇರುವ ದಾರಿಯಲ್ಲೇ ಕಳಿಸಿ. 'ಸ್ನೇಹಿತರಿಗೆ ಕಳಿಸಿದ ಹಾಗೆ ಕಳಿಸಿ, ಶುಲ್ಕ ಉಳಿಯುತ್ತದೆ' ಅನ್ನುವವರನ್ನು ನಂಬಬೇಡಿ.

ಮಸಿಬುಡ್ಡಿ:

ಇನ್ನೊಂದು ಮಾತು. ಒಂದೂ ಪುಟ ಕೊಳ್ಳದೆಯೂ ಕಣ್ಣು ಪಳಗಿಸಬಹುದು. ಅಮೆರಿಕದ ಪ್ರಕಾಶಕರಾದ ಐಡಿಡಬ್ಲ್ಯೂನವರು 2010ರಲ್ಲಿ ಆರ್ಟಿಸ್ಟ್ಸ್ ಎಡಿಷನ್ ಅಂತ ಒಂದು ಮಾಲೆ ಶುರು ಮಾಡಿದರು. ಒರಿಜಿನಲ್ ಪುಟಗಳನ್ನು ಅದೇ ಅಳತೆಯಲ್ಲಿ, ಕಪ್ಪುಬಿಳುಪು ಚಿತ್ರವಾದರೂ ಬಣ್ಣದಲ್ಲಿ ಸ್ಕ್ಯಾನ್ ಮಾಡಿ ಅಚ್ಚು ಹಾಕುತ್ತಾರೆ. ನೀಲಿ ಪೆನ್ಸಿಲ್, ಬಿಳಿ ತಿದ್ದುಪಡಿ, ಅಂಟಿನ ಕಲೆ ಎಲ್ಲ ಕಾಣುತ್ತದೆ. ಒಂದು ಸಂಪುಟವನ್ನು ನಿಧಾನವಾಗಿ ನೋಡಿ ಮುಗಿಸಿದರೆ ಮಾರಾಟದ ಫೋಟೋಗಳು ಬೇರೆಯೇ ಥರ ಕಾಣುತ್ತವೆ.

ಖಾಲಿಚೌಕ:

ನೀವೆಲ್ಲ ಹೇಳಿದ್ದನ್ನು ಕೇಳಿ ಒಂದು ಒಳಪುಟ ಆರಿಸಿದ್ದೇನೆ. 1970ರ ದಶಕದ್ದು, ದೊಡ್ಡ ಪಾತ್ರ ಯಾವುದೂ ಇಲ್ಲ. ಮಳೆಯಲ್ಲಿ ಒಂದು ಬೀದಿ, ಅಷ್ಟೇ. ಅಂಚಿನಲ್ಲಿ ಸಂಚಿಕೆ ನಂಬರ್ ಇದೆ, ಕಪ್ಪಿನ ಅಡಿಯಲ್ಲಿ ಆ 'ಎಕ್ಸ್' ಕೂಡ ಇದೆ! ಕಲಾವಿದರ ಕುಟುಂಬದಿಂದ ಬಂದದ್ದು ಅಂತ ಮಾರುವವರು ಪತ್ರ ಕೊಡುತ್ತಿದ್ದಾರೆ. ಒಂದೇ ತೊಂದರೆ, ತಿದ್ದಿ ಅಂಟಿಸಿದ ಒಂದು ಬಲೂನ್ ಕಳಚಿ ಬಂದಿದೆ, ಬೇರೆ ತುಂಡಾಗಿ ಜೊತೆಗೆ ಕಳಿಸುತ್ತಾರಂತೆ. ಅಡಿಯಲ್ಲಿ ಹಳೇ ಮಾತುಗಳು ಕಾಣುತ್ತಿವೆ. ನಾನೇ ಅಂಟಿಸಬಹುದಾ? ಬಿಸಿಲು ಬೀಳುವ ಗೋಡೆ ಪರವಾಗಿಲ್ವಾ?

ಅಂಟುಪಟ್ಟಿ:

ಅಂಟಿಸಬೇಡಿ, ಸೆಲ್ಲೋ ಟೇಪ್ ಅಂತೂ ಬೇಡವೇ ಬೇಡ. ಆ ತುಂಡನ್ನು ಪುಟ್ಟ ಮೈಲಾರ್ (ಒಂದು ಬಗೆಯ ಪಾರದರ್ಶಕ ಪ್ಲಾಸ್ಟಿಕ್) ಲಕೋಟೆಗೆ ಹಾಕಿ ಹಾಳೆಯ ಹಿಂದೆ ಇಡಿ, ಯಾವ ಚಿತ್ರಚೌಕದ್ದು ಅಂತ ಬೇರೆ ಚೀಟಿಯಲ್ಲಿ ಬರೆದಿಡಿ. ಮತ್ತೆ ಕೂರಿಸಲೇಬೇಕು ಅಂದರೆ ಹಳೇ ಕಾಗದ ಸರಿಪಡಿಸುವ ಕೆಲಸ ಬಲ್ಲವರಿಗೆ ಕೊಡಿ, ಆಮೇಲೆ ತೆಗೆಯಲು ಬರುವಂಥ ಅಂಟನ್ನೇ ಅವರು ಬಳಸುತ್ತಾರೆ. ಅಡಿಯಲ್ಲಿರುವ ಹಳೇ ಮಾತುಗಳ ಫೋಟೋ ಈಗಲೇ ತೆಗೆದಿಡಿ, ಸಂಪಾದಕರು ಏನನ್ನು ಬದಲಿಸಿದರು ಅನ್ನುವುದಕ್ಕೆ ಅದೊಂದೇ ಸಾಕ್ಷಿ.

ಬಿಸಿಲಿನ ಗೋಡೆ ಬೇಡ. ಇಂಡಿಯನ್ ಇಂಕ್ ಸುಲಭಕ್ಕೆ ಮಾಸುವುದಿಲ್ಲ, ಆದರೆ ಕಪ್ಪು ತುಂಬಲು ಮಾರ್ಕರ್ ಬಳಸಿದ್ದರೆ ಅದು ಕಂದು ಬಣ್ಣಕ್ಕೆ ತಿರುಗುತ್ತದೆ, ಕಾಗದವೂ ಹಳದಿ ಆಗುತ್ತದೆ. ನೇರಳಾತೀತ ಕಿರಣ ತಡೆಯುವ ಅಕ್ರಿಲಿಕ್, ಆಮ್ಲ ಇಲ್ಲದ ಮ್ಯಾಟ್ ಬೋರ್ಡ್ (ಫ್ರೇಮ್ ಒಳಗೆ ಚಿತ್ರದ ಸುತ್ತ ಹಾಕುವ ರಟ್ಟು) ಹಾಕಿಸಿ ಒಳಗೋಡೆಗೆ ಹಾಕಿ. ಅಕ್ರಿಲಿಕ್ ಹಾಳೆಗೆ ತಾಗದ ಹಾಗೆ ನೋಡಿಕೊಳ್ಳಲು ಫ್ರೇಮ್ ಮಾಡುವವರಿಗೆ ಮೊದಲೇ ಹೇಳಿ. ಪುಟ ಬಂದಮೇಲೆ ಆ ಹಳೇ ಮಾತುಗಳು ಏನಿತ್ತು ಅಂತ ಇಲ್ಲಿ ಬರೆಯಿರಿ.